ಹತ್ತು ಸಾವಿರ ಗೇಮ್ ಬೇಡ, ಹತ್ತೇ ಸಾಕು

ಹಳೆಯ ವಿಡಿಯೋ ಗೇಮ್‌ಗಳ ರುಚಿ ಹತ್ತಲಿ ಅಂತ ಯಾರಿಗೋ ಒಂದು ಪುಟ್ಟ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲೇ ಹಿಡಿದು ಆಡುವ ಯಂತ್ರ, ಕೊಡುತ್ತೀರಿ. ವಾರ ಬಿಟ್ಟು ಕೇಳಿದರೆ "ಹ್ಞಾಂ, ಚೆನ್ನಾಗಿದೆ" ಅನ್ನುತ್ತಾರೆ. ಯಾವುದು ಆಡಿದ್ರಿ ಅಂದರೆ ಹೆಸರು ಬಾಯಿಗೆ ಬರುವುದಿಲ್ಲ. ಬರುವುದಾದರೂ ಹೇಗೆ? ಅದರೊಳಗೆ ಸಾವಿರಾರು ಗೇಮ್ ತುರುಕಿರುತ್ತಾರೆ. ಒಂದೇ ಗೇಮಿನ ನಾಲ್ಕು ಪ್ರತಿ, ಒಂದಷ್ಟು ಬರೀ ಜಪಾನಿ ಭಾಷೆಯವು, ಇನ್ನೊಂದಷ್ಟು ತೆರೆಯುವುದೇ ಇಲ್ಲ. ಒಂದನ್ನು ತೆರೆದು ಎರಡು ಸಲ ಸತ್ತು, ಮುಂದಿನದಕ್ಕೆ ಹಾರಿ ಅಲ್ಲೂ ಸತ್ತು, ಕೊನೆಗೆ ಯಂತ್ರ ಡ್ರಾಯರ್ ಸೇರುತ್ತದೆ.

ಗೆಳತಿಯರಿಗೆ, ಆಫೀಸಿನವರಿಗೆ, ಅಣ್ಣನ ಮಗನಿಗೆ, ಸಾಲದ್ದಕ್ಕೆ ನಮ್ಮಮ್ಮನಿಗೂ ಈ ಹುಚ್ಚು ಹಿಡಿಸಿದವಳು ನಾನು. ನಾನು ಕಂಡಂತೆ, ಹೊಸಬರು ಅರ್ಧಕ್ಕೆ ಬಿಡುವುದಕ್ಕೆ ಗೇಮ್ ಕಷ್ಟ ಅನ್ನುವುದು ಎರಡನೇ ಕಾರಣ. ಕೊಡುವವರು ಸಿದ್ಧತೆ ಮಾಡದೆ ಕೊಟ್ಟಿರುತ್ತಾರೆ, ಅದೇ ಮೊದಲ ಕಾರಣ. ಹಾಗಾಗಿ ಇದನ್ನು ಬರೆಯುತ್ತಿರುವುದು ಆಡುವವರಿಗಲ್ಲ, ಆಡಿಸುವವರಿಗೆ.

ಯಂತ್ರ ಯಾವುದು

ಅವರ ಜೇಬಿನಲ್ಲಿರುವ ಫೋನಿನಲ್ಲೇ ಶುರು ಮಾಡಬಹುದು. ಆಂಡ್ರಾಯ್ಡ್‌ನಲ್ಲಿ ಎಮ್ಯುಲೇಟರ್‌ಗಳು, ಅಂದರೆ ಹಳೆಯ ಯಂತ್ರಗಳ ಗೇಮ್ ಓಡಿಸುವ ಆಪ್‌ಗಳು, ಮುಂಚಿನಿಂದಲೂ ಇವೆ. ಐಫೋನಿನ ವಿಷಯದಲ್ಲಿ ಆಪಲ್ 2024ರ ಏಪ್ರಿಲ್‌ನಲ್ಲಿ ನಿಯಮ ಸಡಿಲಿಸಿತು, ಡೆಲ್ಟಾ ಅನ್ನುವ ಎಮ್ಯುಲೇಟರ್ ನೇರ ಆಪ್ ಸ್ಟೋರ್‌ಗೇ ಬಂತು. ಆದರೆ ಗಾಜಿನ ಮೇಲೆ ಮೂಡುವ ಬಟನ್‌ಗಳಲ್ಲಿ ಮಾರಿಯೋ ಆಡಿಸಬೇಡಿ. ಬಟನ್ ಎಲ್ಲಿ ಮುಗಿಯಿತು ಅನ್ನುವುದು ಹೆಬ್ಬೆರಳಿಗೆ ತಿಳಿಯುವುದಿಲ್ಲ, ಬೆರಳು ಜಾರುತ್ತದೆ, ಬೈಗುಳ ಮಾತ್ರ ಗೇಮಿಗೆ ಬೀಳುತ್ತದೆ. ಅಡ್ವಾನ್ಸ್ ವಾರ್ಸ್ ತರಹ ಸರದಿಯ ಪ್ರಕಾರ ನಡೆಯುವ ಆಟಗಳಿಗೆ ಟಚ್ ಸಾಕು. ಓಡುವ, ನೆಗೆಯುವ ಆಟಗಳಿಗೆ ಬ್ಲೂಟೂತ್ ಕಂಟ್ರೋಲರ್ ಆದರೂ ಇರಬೇಕು.

ಬೇರೆ ಯಂತ್ರವನ್ನೇ ಕೊಡುವುದಾದರೆ ಆನ್‌ಬರ್ನಿಕ್‌ನ ಆರ್‌ಜಿ35ಎಕ್ಸ್‌ಎಕ್ಸ್ ಸಾಲಿನವು ಅಥವಾ ಮಿಯೂ ಮಿನಿ ಪ್ಲಸ್ ಸಾಕು. 3.5 ಇಂಚಿನ, 640×480ರ ಪರದೆ. ಮೊದಲ ಪ್ಲೇಸ್ಟೇಷನ್‌ವರೆಗಿನದೆಲ್ಲ ಆರಾಮವಾಗಿ ಓಡುತ್ತದೆ. ಈ ಅಳತೆಯಲ್ಲಿ ಒಂದು ಲೆಕ್ಕಾಚಾರವಿದೆ: ಹಳೆಯ ಚಿತ್ರ ಎರಡು, ಮೂರು ಹೀಗೆ ಪೂರ್ಣಾಂಕದ ಪಟ್ಟಿನಲ್ಲಿ ಹಿಗ್ಗಿದರೆ ಚುಕ್ಕಿಗಳೆಲ್ಲ ಒಂದೇ ಅಳತೆಯಲ್ಲಿರುತ್ತವೆ. ನಿಂಟೆಂಡೋದ ಎಂಬತ್ತರ ದಶಕದ ಟಿವಿ ಯಂತ್ರ ಎನ್‌ಇಎಸ್‌ನ ಚಿತ್ರದ ಎತ್ತರ 240 ಸಾಲು, ದುಪ್ಪಟ್ಟು ಮಾಡಿದರೆ ಸರಿಯಾಗಿ 480. ಅದೇ ಕಂಪನಿಯ ಹ್ಯಾಂಡ್‌ಹೆಲ್ಡ್ ಗೇಮ್ ಬಾಯ್‌ನ 160×144 ಮೂರು ಪಟ್ಟಾದರೆ 480×432, ಸುತ್ತ ಕಪ್ಪು ಅಂಚು ಉಳಿಯುತ್ತದೆ, ಅಷ್ಟೇ. ಗೇಮ್ ಬಾಯ್ ಅಡ್ವಾನ್ಸ್ ಮಾತ್ರ 240×160, ಈ ಪರದೆಯಲ್ಲಿ ಪೂರ್ಣಾಂಕಕ್ಕೆ ಕೂರುವುದಿಲ್ಲ. ಆಡುವವರಿಗೆ ಅದೇ ಮುಖ್ಯ ಅನ್ನಿಸಿದರೆ ಆರ್‌ಜಿ34ಎಕ್ಸ್‌ಎಕ್ಸ್ ನೋಡಿ. ಅದರ ಪರದೆ 720×480, ಅಂದರೆ ಕರಾರುವಾಕ್ಕಾಗಿ ಮೂರು ಪಟ್ಟು. ರೆಟ್ರಾಯ್ಡ್ ಪಾಕೆಟ್, ಸ್ಟೀಮ್ ಡೆಕ್ ಒಳ್ಳೆಯವೇ. ಆದರೆ ಹೊಸಬರಿಗೆ ಅವು ಗೇಮಿಗಿಂತ ಸೆಟ್ಟಿಂಗ್ಸ್ ಜಾಸ್ತಿ ಆಡಿಸುತ್ತವೆ.

ಜೊತೆಗೆ ಬಂದ ಹೆಸರಿಲ್ಲದ ಎಸ್‌ಡಿ ಕಾರ್ಡ್ ಮೊದಲ ದಿನವೇ ತೆಗೆದಿಡಿ. ಒಳ್ಳೆಯ ಕಾರ್ಡಿಗೆ ಫರ್ಮ್‌ವೇರ್, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶ, ಹೊಸದಾಗಿ ಹಾಕಿ. ಮಿಯೂಗೆ ಆನಿಯನ್ ಓಎಸ್, ಹೊಸ ಆನ್‌ಬರ್ನಿಕ್‌ಗಳಿಗೆ ಮುಓಎಸ್ (muOS) ಅಥವಾ ಕ್ನಲ್ಲಿ (Knulli) ಸಿಗುತ್ತವೆ. ದೊಡ್ಡ ಕಾರ್ಡ್ ಬೇಕಿಲ್ಲ. 1985ರ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಸೇರಿ 40 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೋದ ಜಾಗದಲ್ಲಿ ಅಂಥವು ಹತ್ತಾರು ಹಿಡಿಯುತ್ತವೆ.

ಗೇಮ್ ಎಲ್ಲಿಂದ

ಎಮ್ಯುಲೇಟರ್ ಅಂದರೆ ಹಳೆಯ ಯಂತ್ರದ ಚಿಪ್‌ಗಳು ಮಾಡುತ್ತಿದ್ದ ಕೆಲಸವನ್ನು ಹಾಗೆಯೇ ಮಾಡುವ ಪ್ರೋಗ್ರಾಂ. ಅದರಲ್ಲಿ ಕಾನೂನಿನ ತೊಡಕಿಲ್ಲ. 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಎಮ್ಯುಲೇಟರ್ ಮಾಡಿದವರ ಪರವಾಗಿಯೇ ತೀರ್ಪು ಕೊಟ್ಟಿತು. ಗೇಮಿನ ಕಡತ, ಅಂದರೆ ರಾಮ್ (ROM), ಅದರ ಕಥೆ ಬೇರೆ. ಅದು ಕಾರ್ಟ್ರಿಜ್ (ಆಗ ಗೇಮ್ ತುಂಬಿ ಮಾರುತ್ತಿದ್ದ ಪ್ಲಾಸ್ಟಿಕ್ ಡಬ್ಬಿ) ಒಳಗಿನ ಚಿಪ್‌ನ ಯಥಾಪ್ರತಿ. ಗೇಮ್ ಎಷ್ಟೇ ಹಳೆಯದಾದರೂ ಹಕ್ಕು ಮಾಡಿದವರದೇ. ಸಾವಿರಾರು ಗೇಮ್ ತುಂಬಿ ಮಾರುವ ಕಾರ್ಡುಗಳಿಗೆ ಆ ಹಕ್ಕು ಎಲ್ಲಿಂದ ಬರಬೇಕು?

ನಾನು ಹಿಡಿದಿರುವ ದಾರಿ ಮೂರು. ನನ್ನ ಹತ್ತಿರವಿರುವ ಗೇಮ್ ಬಾಯ್ ಕಾರ್ಟ್ರಿಜ್‌ಗಳನ್ನು ಜಿಬಿ ಆಪರೇಟರ್ ಅನ್ನುವ ಪುಟ್ಟ ರೀಡರ್‌ಗೆ ಸಿಕ್ಕಿಸಿ ಯುಎಸ್‌ಬಿ ಮೂಲಕ ಪ್ರತಿ ತೆಗೆದುಕೊಳ್ಳುತ್ತೇನೆ. ಎರಡನೆಯದು, ಇವತ್ತಿನವರು ಹಳೆಯ ಯಂತ್ರಗಳಿಗಾಗಿ ಬರೆದ ಹೊಸ ಗೇಮ್‌ಗಳು. ಗೇಮ್ ಬಾಯ್‌ನ ಟೋಬು ಟೋಬು ಗರ್ಲ್ ಉಚಿತ, ಕೋಡ್ ಕೂಡ ತೆರೆದಿಟ್ಟಿದ್ದಾರೆ. ಎನ್‌ಇಎಸ್‌ಗೆ 2019ರಲ್ಲಿ ಬಂದ ಮೈಕ್ರೋ ಮೇಜಸ್ ಕೊಂಡರೆ ರಾಮ್ ಕಡತವನ್ನೇ ಕೊಡುತ್ತಾರೆ. ಅದೂ ಹಟ ಹಿಡಿದು 40 ಕಿಲೋಬೈಟಿನೊಳಗೇ ಮಾಡಿದ್ದು, ನಾಲ್ಕು ಜನ ಒಟ್ಟಿಗೆ ಆಡಬಹುದು. ಮೂರನೆಯದು, ಕಂಪನಿಗಳೇ ಹೊರತರುವ ಸಂಗ್ರಹಗಳು, ನಿಂಟೆಂಡೋ ಸ್ವಿಚ್ ಆನ್‌ಲೈನ್ ತರಹದ ಚಂದಾ ಸೇವೆಗಳು. ಇಷ್ಟೆಲ್ಲ ಇದ್ದರೂ ಬೇಕಾದ್ದು ಸಿಗದೆ ಹೋಗಬಹುದು. 2010ಕ್ಕೂ ಮುಂಚೆ ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಮಾರುಕಟ್ಟೆಯಲ್ಲೇ ಇಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿದೆ.

ಒಂದೇ ಗೇಮಿನ ಅಮೆರಿಕ ಮತ್ತು ಯುರೋಪ್ ಪ್ರತಿಗಳೆರಡೂ ಇದ್ದರೆ ಅಮೆರಿಕದ್ದನ್ನೇ ಇಡಿ. ಆ ಕಾಲದ ಯುರೋಪಿನ ಟಿವಿಗಳು 50 ಹರ್ಟ್ಸ್‌ನವು. ಎಷ್ಟೋ ಗೇಮ್‌ಗಳನ್ನು ಅದಕ್ಕೆ ಸರಿಹೊಂದಿಸದೆ ಹಾಗೇ ಬಿಟ್ಟಿದ್ದರಿಂದ ಸುಮಾರು ನೂರಕ್ಕೆ 17ರಷ್ಟು ನಿಧಾನ ಓಡುತ್ತವೆ, ಹಾಡೂ ಎಳೆದಂತೆ ಕೇಳುತ್ತದೆ. ಹೊಸಬರಿಗೆ ಇದು ಗೊತ್ತಾಗುವುದಿಲ್ಲ. ಸಾನಿಕ್ ಯಾಕೋ ಸಪ್ಪೆ ಅಂತ ಪಕ್ಕಕ್ಕಿಡುತ್ತಾರೆ.

ಕೈಗೆ ಕೊಡುವ ಮುನ್ನ

ಎಲ್ಲಕ್ಕಿಂತ ಹೆಚ್ಚು ಸಮಯ ನಾನು ಕೊಡುವುದು ಬಟನ್‌ಗಳಿಗೆ. ಅಣ್ಣನ ಮಗ ಹುಟ್ಟಿನಿಂದ ಫೋನಿನಲ್ಲೇ ಆಡಿ ಬೆಳೆದವನು. ಸೂಪರ್ ಮಾರಿಯೋ ಬ್ರದರ್ಸ್ ಕೊಟ್ಟೆ. ಸ್ವಲ್ಪ ಹೊತ್ತಿಗೆ "ಅತ್ತೆ, ಇವನು ಓಡ್ತಾ ಓಡ್ತಾ ಹಾರೋದೇ ಇಲ್ಲ" ಅಂದ. ಕೈ ನೋಡಿದೆ. ಓಡಲು ಬಿ ಒತ್ತುತ್ತಿದ್ದ, ಹಾರುವಾಗ ಹೆಬ್ಬೆರಳನ್ನು ಬಿಯಿಂದ ಎತ್ತಿ ಎ ಮೇಲೆ ಇಡುತ್ತಿದ್ದ. ಬೆರಳೆತ್ತಿದ ಕೂಡಲೇ ಮಾರಿಯೋನ ವೇಗ ತಗ್ಗುತ್ತದೆ, ನೆಗೆತ ಗಿಡ್ಡವಾಗುತ್ತದೆ, ಗುಂಡಿ ಕಾದಿರುತ್ತದೆ. ಎರಡು ಬಟನ್ ಆಡುವ ಕ್ರಮವೇ ಬೇರೆ: ಹೆಬ್ಬೆರಳ ತುದಿ ಓಡುವ ಬಟನ್ ಮೇಲೆ ಒತ್ತಿಯೇ ಇರಬೇಕು, ಹಾರಬೇಕಾದಾಗ ಬೆರಳೆತ್ತದೆ ಅದರ ಗೆಣ್ಣಿನ ಭಾಗವನ್ನು ಹಾರುವ ಬಟನ್ ಮೇಲೆ ಹೊರಳಿಸಬೇಕು. ಎನ್‌ಇಎಸ್ ಕಂಟ್ರೋಲರಿನಲ್ಲಿ ಬಿ ಎಡಕ್ಕೆ, ಎ ಬಲಕ್ಕೆ ಅಡ್ಡಸಾಲಿನಲ್ಲಿದ್ದವು, ಹೊರಳಿಕೆ ತಾನಾಗೇ ಬರುತ್ತಿತ್ತು. ಈಗಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಬಿ ಕೆಳಗೆ, ಎ ಬಲಕ್ಕೆ ಇರುತ್ತವೆ. ಹೊರಳಿಸಲು ಹೋದರೆ ಮಣಿಕಟ್ಟು ತಿರುಚುತ್ತದೆ.

ಪರಿಹಾರ ಸುಲಭ. ಹಲವು ಯಂತ್ರಗಳ ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಸೇರಿಸಿರುವ ರೆಟ್ರೋಆರ್ಚ್‌ನಲ್ಲಿ ಗೇಮ್ ಓಡುತ್ತಿರುವಾಗ ಮೆನು ತೆರೆದು, ಕಂಟ್ರೋಲ್ಸ್‌ಗೆ ಹೋಗಿ, ಎಡಗಡೆಯ ವೈ ಬಟನ್‌ಗೆ ಬಿ ಕೆಲಸವನ್ನೂ ಕೆಳಗಿನ ಬಿ ಬಟನ್‌ಗೆ ಎ ಕೆಲಸವನ್ನೂ ಕೊಡಿ. ಆ ಕೋರ್‌ಗೆಂದೇ (ಅಂದರೆ ರೆಟ್ರೋಆರ್ಚ್ ಒಳಗಿನ ಆ ಒಂದು ಎಮ್ಯುಲೇಟರ್‌ಗೆಂದೇ) ಉಳಿಸಿ, ಆಗ ಎನ್‌ಇಎಸ್‌ನ ಎಲ್ಲ ಗೇಮಿಗೂ ಅನ್ವಯವಾಗುತ್ತದೆ. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ನಿಂಟೆಂಡೋದವರು ಇಟ್ಟಿದ್ದೂ ಇದೇ ಜೋಡಣೆ, ಓಡಲು ವೈ, ಹಾರಲು ಬಿ. ಹೀಗೆ ಬದಲಿಸಿ, ಬೆರಳು ಹಿಡಿದು ಒಂದು ಸಲ ಹೊರಳಿಸಿ ತೋರಿಸಿದೆ. ಅವತ್ತಿನಿಂದ ಅವನಿಗೆ ಮಾರಿಯೋ ಬಗ್ಗೆ ದೂರಿಲ್ಲ, ಗುಂಡಿಗಳ ಬಗ್ಗೆ ಮಾತ್ರ ಇದೆ.

ಎರಡನೇ ತಲೆನೋವು ಸೇವ್. ಹಳೆಯ ಗೇಮಿನಲ್ಲಿ ಎರಡು ಬಗೆಯ ಸೇವ್ ಇರುತ್ತದೆ. ಒಂದು ಗೇಮಿನದೇ, ಕಾರ್ಟ್ರಿಜ್‌ನ ಬ್ಯಾಟರಿ ಹಿಡಿದಿಡುತ್ತಿದ್ದದ್ದು. ಇನ್ನೊಂದು ಎಮ್ಯುಲೇಟರಿನ ಸೇವ್ ಸ್ಟೇಟ್, ಆ ಕ್ಷಣದ ಇಡೀ ಯಂತ್ರದ ನೆನಪನ್ನು ಎತ್ತಿಡುವಂಥದ್ದು. ಎರಡನ್ನೂ ಬೆರೆಸಿ ಆಡಿದರೆ ಕಷ್ಟ. ಗೇಮಿನೊಳಗೆ ಸೇವ್ ಮಾಡಿ ಆರಿಸಿದವರು ಮರುದಿನ ಯಾವುದೋ ಹಳೆಯ ಸ್ಟೇಟ್ ತೆರೆದರೆ, ಅದರೊಂದಿಗೆ ಹಳೆಯ ಸೇವ್ ಕೂಡ ವಾಪಸು ಬಂದು ಹೊಸದರ ಮೇಲೆ ಕೂರಬಹುದು. ಹೊಸಬರಿಗೆ ನಾನು ಒಂದೇ ಕಟ್ಟುಪಾಡು ಹೇಳುವುದು: ಸೇವ್ ಇರುವ ಗೇಮಿನಲ್ಲಿ ಗೇಮಿನ ಸೇವ್, ಇಲ್ಲದ್ದರಲ್ಲಿ ಸ್ಟೇಟ್.

ಇದರಲ್ಲೂ ಒಂದು ತಮಾಷೆಯಿದೆ. 1993ರ ಗೇಮ್ ಬಾಯ್ ಗೇಮ್ ಲಿಂಕ್ಸ್ ಅವೇಕನಿಂಗ್‌ನಲ್ಲಿ ಸೇವ್ ಮಾಡಲು ಎ, ಬಿ, ಸ್ಟಾರ್ಟ್, ಸೆಲೆಕ್ಟ್ ನಾಲ್ಕನ್ನೂ ಒಟ್ಟಿಗೆ ಒತ್ತಬೇಕು. ಕೈಪಿಡಿ ಓದದವರಿಗೆ ಇದು ಹೊಳೆಯುವ ಮಾತಲ್ಲ. ಮೇಲಾಗಿ ಕೆಲವು ಫರ್ಮ್‌ವೇರ್‌ಗಳಲ್ಲಿ ಸ್ಟಾರ್ಟ್ ಮತ್ತು ಸೆಲೆಕ್ಟ್ ಜೊತೆಗೆ ಒತ್ತಿದರೆ ಗೇಮೇ ಮುಚ್ಚಿಹೋಗುತ್ತದೆ. ಅಂದರೆ ಸೇವ್ ಮಾಡಲು ಹೋದವರು ಆಡಿದ್ದನ್ನೆಲ್ಲ ಕಳೆದುಕೊಂಡು ಹೊರಬೀಳುತ್ತಾರೆ. ಹೊರಗೆ ಬರುವ ಬಟನ್ ಜೋಡಿಯನ್ನು ಮೊದಲೇ ಬೇರೆ ಕಡೆ ಸಾಗಿಸಿ; ಯಂತ್ರದಲ್ಲಿ ಪ್ರತ್ಯೇಕ ಮೆನು ಬಟನ್ ಇದ್ದರೆ ಅದೇ ಸಾಕು.

ಪರದೆಯ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚಿತ್ರವನ್ನು ಅಡ್ಡಕ್ಕೆ ಎಳೆದು ಅಗಲ ಮಾಡಬೇಡಿ, ಅಷ್ಟು ಸಾಕು. ಒಂದು ವಿನಾಯಿತಿ ಗೇಮ್ ಬಾಯ್ ಅಡ್ವಾನ್ಸ್. 2001ರಲ್ಲಿ ಬಂದಾಗ ಅದರ ಪರದೆಗೆ ಬೆಳಕೇ ಇರಲಿಲ್ಲ, ಆದ್ದರಿಂದ ಗೇಮ್ ಮಾಡುವವರು ಬಣ್ಣಗಳನ್ನು ಬೇಕೆಂದೇ ತಿಳಿಯಾಗಿ ಬಳಿದಿದ್ದರು. ಈಗಿನ ಹೊಳೆಯುವ ಪರದೆಯಲ್ಲಿ ಅವು ಒಗೆದೊಗೆದು ಮಾಸಿದ ಬಟ್ಟೆಯಂತೆ ಕಾಣುತ್ತವೆ. ಎಂಜಿಬಿಎ ಕೋರ್‌ನಲ್ಲಿ ಕಲರ್ ಕರೆಕ್ಷನ್ ಚಾಲೂ ಮಾಡಿದರೆ ಕಣ್ಣಿಗೆ ಹಿತ. ಚಿತ್ರಕ್ಕೆ ಹಳೆಯ ಡಬ್ಬಿ ಟಿವಿಯ ನೋಟ ಕೊಡುವ ಸಿಆರ್‌ಟಿ ಫಿಲ್ಟರ್, ಶೇಡರ್ ಇವೆಲ್ಲ ನಮ್ಮಂಥ ಹುಚ್ಚರ ಚಟ. 3.5 ಇಂಚಿನಲ್ಲಿ ಹೊಸಬರಿಗೆ ವ್ಯತ್ಯಾಸ ಕಾಣುವುದೂ ಇಲ್ಲ.

ಕೊನೆಯದಾಗಿ ಮೆನು. ರೆಟ್ರೋಆರ್ಚ್ ಒಳ್ಳೆಯ ಎಂಜಿನ್, ಆದರೆ ಅದರ ಮೆನುವಿನಲ್ಲಿ ದಾರಿ ತಪ್ಪುವುದು ಸಲೀಸು. ಯೂಸರ್ ಇಂಟರ್‌ಫೇಸ್ ಅಡಿಯಲ್ಲಿ ಕಿಯಾಸ್ಕ್ ಮೋಡ್ ಇದೆ. ಹಾಕಿಬಿಟ್ಟರೆ ಸೆಟ್ಟಿಂಗ್ಸ್ ಕಣ್ಣಿಗೇ ಬೀಳುವುದಿಲ್ಲ. ಮಕ್ಕಳಿಗೆ ಕೊಡುವಾಗ ಇದು ಬೇಕೇಬೇಕು. ದೊಡ್ಡವರಿಗೆ ಇನ್ನೂ ಬೇಕು.

ಯಾವ ಗೇಮ್, ಯಾವ ಸರದಿ

"ಇದು ಚರಿತ್ರೆಯಲ್ಲೇ ಶ್ರೇಷ್ಠ" ಅನ್ನಿಸಿಕೊಂಡ ಗೇಮಿನಿಂದ ಶುರು ಮಾಡಬೇಡಿ. 1986ರ ಮೊದಲ ಜೆಲ್ಡಾ ನನಗೆ ಪ್ರಾಣ, ಆದರೂ ಹೊಸಬರಿಗೆ ಮೊದಲೇ ಕೊಡುವುದಿಲ್ಲ. ಆ ಗೇಮ್ ಡಬ್ಬಿಯೊಳಗೆ ಕೈಪಿಡಿಯೂ ನಕಾಶೆಯೂ ಇರುತ್ತಿದ್ದವು, ಆಡುವವರು ಅವನ್ನು ಮುಂದೆ ಹರಡಿಕೊಂಡೇ ಕೂರುತ್ತಾರೆ ಅನ್ನುವ ನಂಬಿಕೆಯಲ್ಲೇ ಅದನ್ನು ಮಾಡಿದ್ದು. ಬರೀ ರಾಮ್ ಕೊಟ್ಟರೆ ಅರ್ಧ ಗೇಮ್ ಮಾತ್ರ ಕೊಟ್ಟಂತೆ. ಹಳೆಯ ಕೈಪಿಡಿಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಬೇಕಾದಷ್ಟಿವೆ. ಯಾವ ಗೇಮ್ ಕೊಟ್ಟರೂ ಅದರ ಕೈಪಿಡಿಯನ್ನು ಮೊದಲು ನೀವು ಓದಿ, ಮುಖ್ಯವಾದ ಎರಡು ಮಾತು ಬಾಯಲ್ಲಿ ಹೇಳಿ.

ಎಂದೂ ಗೇಮ್ ಆಡದವರಿಗೆ 1989ರ ಗೇಮ್ ಬಾಯ್ ಟೆಟ್ರಿಸ್. ವಿವರಣೆ ಬೇಕಿಲ್ಲ, ಸೋತರೂ ಅವಮಾನವಿಲ್ಲ. ನಮ್ಮಮ್ಮ "ಇದೇನು ಬರೀ ಇಟ್ಟಿಗೆ ಜೋಡಿಸೋದು" ಅಂತ ಮೂಗು ಮುರಿದವರು, ಈಗ ಉದ್ದ ಕಡ್ಡಿ ಬರಲಿಲ್ಲ ಅಂತ ಯಂತ್ರದ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಸ್ವಲ್ಪ ಆಡಿ ಗೊತ್ತಿದ್ದವರಿಗೆ 1992ರ ಕರ್ಬೀಸ್ ಡ್ರೀಮ್ ಲ್ಯಾಂಡ್. ಹೊಸಬರೂ ಮುಗಿಸುವಂತಿರಬೇಕು ಅಂತಲೇ ಮಾಸಾಹಿರೋ ಸಕುರಾಯ್ ಮಾಡಿದ ಗೇಮ್ ಅದು. ಐದೇ ಹಂತ, ಗುಂಡಿ ಬಂದರೆ ಗಾಳಿ ನುಂಗಿ ತೇಲಿ ದಾಟಬಹುದು. ಒಂದು ಹಳೆಯ ಗೇಮನ್ನು ಕೊನೆಮುಟ್ಟ ಆಡಿದೆ ಅನ್ನುವುದಿದೆಯಲ್ಲ, ಅದು ಸಿಕ್ಕಿದರೆ ಮುಂದಿನದನ್ನು ಅವರೇ ಕೇಳುತ್ತಾರೆ.

ಆಮೇಲೆ ನನ್ನ ಕೈ ಹೋಗುವುದು 1994ರ ಗೇಮ್ ಬಾಯ್ ಡಾಂಕಿ ಕಾಂಗ್ ಕಡೆಗೆ. ಯಾಕೋ ಇದರ ಹೆಸರು ಯಾರೂ ಎತ್ತುವುದಿಲ್ಲ. ಮೊದಲ ನಾಲ್ಕು ಹಂತ 1981ರ ಆರ್ಕೇಡ್ ಗೇಮಿನದೇ. ಮುಗಿಯಿತು ಅಂದುಕೊಳ್ಳುವಾಗ ನಿಜವಾದ ಆಟ ತೆರೆದುಕೊಳ್ಳುತ್ತದೆ. ಸುಮಾರು ನೂರು ಹಂತ, ಒಂದೊಂದೂ ಒಂದೆರಡು ನಿಮಿಷದ್ದು. ನಡುನಡುವೆ ಬರುವ ಪುಟ್ಟ ದೃಶ್ಯಗಳಲ್ಲಿ ಮಾರಿಯೋ ಏನೇನು ಮಾಡಬಲ್ಲ ಅನ್ನುವುದನ್ನು ಒಂದು ಅಕ್ಷರವೂ ಇಲ್ಲದೆ ಆಡಿ ತೋರಿಸುತ್ತಾರೆ. ಬಿಡುವಿನಲ್ಲಿ ಎರಡು ಹಂತ ಆಡಿ ಜೇಬಿಗಿಡುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಯೋಚಿಸಿ ಆಡುವವರಿಗೆ 2001ರ ಅಡ್ವಾನ್ಸ್ ವಾರ್ಸ್. ಪಾಠ ಗೇಮಿನೊಳಗೇ ಇದೆ. ತಾಳ್ಮೆ ಕಡಿಮೆ ಇರುವವರಿಗೆ 2003ರ ವಾರಿಯೋವೇರ್, ಒಂದೊಂದು ಆಟ ಕೆಲವೇ ಸೆಕೆಂಡಿನದು. ಅನ್ವೇಷಣೆ ಇಷ್ಟಪಡುವವರಿಗೆ 2004ರ ಮೆಟ್ರಾಯ್ಡ್ ಝೀರೋ ಮಿಷನ್. ಇದು 1986ರ ಮೊದಲ ಮೆಟ್ರಾಯ್ಡ್‌ನ ಹೊಸ ರೂಪ. ನಕಾಶೆ ಇದೆ, ಮುಂದೆಲ್ಲಿಗೆ ಅನ್ನುವ ಸುಳಿವೂ ಸಿಗುತ್ತದೆ. ಆಡಿ ಮುಗಿಸಿದರೆ ಮೂಲ ಗೇಮೇ ಅದರೊಳಗೆ ತೆರೆಯುತ್ತದೆ. ಹಳೆಯದನ್ನು ತೋರಿಸುವುದಕ್ಕೆ ಇದಕ್ಕಿಂತ ಚೆಂದದ ಬಾಗಿಲಿಲ್ಲ. ಇಬ್ಬರು ಕೂತು ಆಡುವುದಾದರೆ ಸೆಗಾ ಕಂಪನಿಯ ಯಂತ್ರ ಮೆಗಾ ಡ್ರೈವ್‌ನ ಸ್ಟ್ರೀಟ್ಸ್ ಆಫ್ ರೇಜ್ 2. ಕ್ರೋನೋ ಟ್ರಿಗರ್ ತರಹದ ಉದ್ದನೆಯವು ರುಚಿ ಹತ್ತಿದ ಮೇಲೆ. ನಿಂಟೆಂಡೋ 64ರ ಕಾಲದ 3ಡಿ ಗೇಮ್‌ಗಳನ್ನು ಮೊದಮೊದಲು ಮುಟ್ಟಬೇಡಿ. ಸಣ್ಣ ಯಂತ್ರಗಳಲ್ಲಿ ಅವು ಎಡವುತ್ತವೆ, ಕ್ಯಾಮೆರಾ ಇವತ್ತಿನವರಿಗೆ ತಲೆ ತಿರುಗಿಸುತ್ತದೆ.

ಇನ್ನು ಸೂಪರ್ ಮಾರಿಯೋ ಬ್ರದರ್ಸ್. ಅದರ ಮೊದಲ ಹಂತ ಆಡಿಸುವಾಗ ಒಂದು ಉಪಕಾರ ಮಾಡಿ: ಬಾಯಿ ಮುಚ್ಚಿಕೊಂಡಿರಿ. ಎದುರಿನಿಂದ ಬರುವ ಕಂದು ಜೀವಿಗೆ ಡಿಕ್ಕಿ ಹೊಡೆದು ಸಾಯಲಿ. ಸತ್ತರೆ ಹೋಗುವುದು ಕೆಲವೇ ಸೆಕೆಂಡು. ಎರಡನೇ ಸಲ ತಾವೇ ಹಾರುತ್ತಾರೆ. ಪ್ರಶ್ನೆಚಿಹ್ನೆಯ ಡಬ್ಬಿಗೆ ತಲೆ ತಾಗಿಸಿದರೆ ಅಣಬೆ ಹೊರಬಂದು ಬಲಕ್ಕೆ ಜಾರುತ್ತದೆ, ಕೆಳಗೆ ಬಿದ್ದು, ಹಸಿರು ಕೊಳವೆಗೆ ಬಡಿದು ಇವರತ್ತಲೇ ವಾಪಸು ಬರುತ್ತದೆ. ಶತ್ರು ಅಂತ ಹಾರಲು ನೋಡಿದರೂ ಮೇಲೆ ಇಟ್ಟಿಗೆಗಳಿವೆ, ತಪ್ಪಿಸಿಕೊಳ್ಳುವುದು ಕಷ್ಟ. ಅಣಬೆ ತಾಗಿದ ಮೇಲೆ ಮಾರಿಯೋ ದೊಡ್ಡವನಾದದ್ದು ಕಂಡು ಅವರ ಮುಖ ಅರಳುತ್ತದೆ. ಪಕ್ಕದಲ್ಲಿ ಕೂತು "ಅದನ್ನ ತಗೋ, ಇದನ್ನ ತುಳಿ" ಅನ್ನುವವರು ಈ ಪಾಠವನ್ನೆಲ್ಲ ಕೆಡಿಸುತ್ತಾರೆ.

ಕಷ್ಟದ ಮಾತು

ಹಳೆಯ ಗೇಮ್‌ಗಳು ಸುಮ್ಮನೆ ಕಷ್ಟವಲ್ಲ. ಆರ್ಕೇಡ್‌ನಲ್ಲಿ ಬೇಗ ಸತ್ತರೇ ಮುಂದಿನ ನಾಣ್ಯ ಬೀಳುತ್ತಿದ್ದದ್ದು. ಮನೆಯ ಗೇಮ್‌ಗಳಿಗೆ ಕಾರ್ಟ್ರಿಜ್‌ನಲ್ಲಿ ಜಾಗ ಕಡಿಮೆ, ಇರುವ ಹಂತಗಳನ್ನೇ ಕಠಿಣ ಮಾಡಿ ವಾರಗಟ್ಟಲೆ ಆಡಿಸುತ್ತಿದ್ದರು. ಮಾಡಿದವರಿಗೇ ಇದು ಸಾಕಾಗುತ್ತಿತ್ತು. 1986ರಲ್ಲಿ ಗ್ರೇಡಿಯಸ್ ಗೇಮನ್ನು ಮನೆಯ ಯಂತ್ರಕ್ಕೆ ತರುತ್ತಿದ್ದ ಕೊನಾಮಿಯ ಕಜುಹಿಸಾ ಹಶಿಮೊಟೊ, ಪರೀಕ್ಷೆಗೆ ಆಡುವಾಗ ತನಗೇ ಕಷ್ಟವಾಗುತ್ತಿದೆ ಅಂತ ಒಂದು ಗುಟ್ಟಿನ ಕೋಡ್ ಹಾಕಿಕೊಂಡ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅದು ಗೇಮಿನಲ್ಲೇ ಉಳಿಯಿತು; ಮುಂದೆ ಎನ್‌ಇಎಸ್‌ನ ಕಾಂಟ್ರಾದಲ್ಲಿ ಅದೇ ಕೋಡ್ ಒತ್ತಿದರೆ 30 ಜೀವ ಸಿಗುತ್ತಿದ್ದವು. ಹೀಗಿರುವಾಗ ಹೊಸಬರು ಸೇವ್ ಸ್ಟೇಟ್ ಬಳಸಿದರೆ "ಅದು ಮೋಸ" ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಆದರೂ ಎಲ್ಲಿ ಬಳಸಬೇಕು ಅನ್ನುವುದಕ್ಕೆ ನನ್ನದೊಂದು ಹಟ. ಹಂತದ ಆರಂಭದಲ್ಲಿ ಸ್ಟೇಟ್ ಇಡಲಿ, ಪ್ರತಿ ನೆಗೆತಕ್ಕೂ ಬೇಡ. ಪ್ರತಿ ನೆಗೆತಕ್ಕೂ ಇಟ್ಟರೆ ಕೈ ಪಳಗುವುದಿಲ್ಲ, ಐದನೇ ಹಂತಕ್ಕೆ ಹೋದಾಗ ಮೊದಲನೇ ಹಂತದ ಕೈಯೇ ಇರುತ್ತದೆ. ಇದೇ ಕಾರಣಕ್ಕೆ ರಿವೈಂಡ್ ಅನ್ನು ನಾನು ಮುಚ್ಚಿಟ್ಟೇ ಕೊಡುವುದು. ಫಾಸ್ಟ್ ಫಾರ್ವರ್ಡ್ ಮಾತ್ರ ಧಾರಾಳವಾಗಿ ಇರಲಿ. ಹಳೆಯ ಆರ್‌ಪಿಜಿಗಳಲ್ಲಿ (ಪಾತ್ರಗಳನ್ನು ಬೆಳೆಸುತ್ತ ಹೋಗುವ ಉದ್ದ ಕಥೆಯ ಗೇಮ್‌ಗಳಲ್ಲಿ) ಹೆಜ್ಜೆಗೊಂದು ಯುದ್ಧ, ಅದನ್ನು ನಿಜವಾದ ವೇಗದಲ್ಲೇ ಅನುಭವಿಸಬೇಕು ಅನ್ನುವಷ್ಟು ಪಾಪ ಯಾರೂ ಮಾಡಿಲ್ಲ. ಚಟ ಹತ್ತಿದ ಮೇಲೆ ಸವಾಲು ಬೇಕೆಂದರೆ ಹಳೆಯ ಗೇಮಿನಲ್ಲಿ ಮಾಡಿದ ಸಾಧನೆಗಳನ್ನು ದಾಖಲಿಸುವ ರೆಟ್ರೋಅಚೀವ್‌ಮೆಂಟ್ಸ್ ತಾಣ ತೋರಿಸಿ. ಅದರ ಹಾರ್ಡ್‌ಕೋರ್ ಮೋಡ್‌ನಲ್ಲಿ ಸ್ಟೇಟ್ ತೆರೆಯುವಂತಿಲ್ಲ, ರಿವೈಂಡೂ ಇಲ್ಲ.

ಕೊಟ್ಟ ಮೇಲೆ ಒಂದು ಕೆಲಸ ಬಾಕಿ. ಅವರು ಸಿಕ್ಕಾಗಲೆಲ್ಲ ಕಾರ್ಡ್ ತೆಗೆದು ಸೇವ್ಸ್ ಫೋಲ್ಡರನ್ನು ಕಂಪ್ಯೂಟರಿಗೆ ನಕಲು ಮಾಡಿಡಿ; ಗೇಮ್ ಮತ್ತೆ ಹಾಕಿಕೊಳ್ಳಬಹುದು, ಆಡಿದ ಆಟ ಮತ್ತೆ ಬರುವುದಿಲ್ಲ. ರೆಟ್ರೋಆರ್ಚ್‌ನಲ್ಲಿ ಸೇವ್ ಕಡತದ ಹೆಸರಿನ ಕೊನೆಗೆ ಎಸ್‌ಆರ್‌ಎಂ ಅಂತ ಇರುತ್ತದೆ, ಬೇರೆ ಎಷ್ಟೋ ಎಮ್ಯುಲೇಟರ್‌ಗಳು ಎಸ್‌ಎವಿ ಅಂತ ಕೇಳುತ್ತವೆ. ಗೇಮ್ ಬಾಯ್ ಗೇಮ್‌ಗಳ ಮಟ್ಟಿಗೆ ಆ ಬಾಲ ಬದಲಿಸಿದರೆ ಸಾಮಾನ್ಯವಾಗಿ ಫೋನಿನಲ್ಲೂ ತೆರೆಯುತ್ತದೆ. ಯಂತ್ರದಲ್ಲಿ ನಿಲ್ಲಿಸಿದ ಕಡೆಯಿಂದಲೇ ಅಲ್ಲಿ ಮುಂದುವರಿಸಬಹುದು. ಆದರೆ ಸೇವ್ ಸ್ಟೇಟ್‌ಗಳು ಹೀಗೆ ಒಂದು ಎಮ್ಯುಲೇಟರಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಸ್ಥಳಾಂತರ ಮಾಡುವ ಮುನ್ನ ಗೇಮಿನೊಳಗೊಮ್ಮೆ ಸೇವ್ ಮಾಡಿಸಿ.